ಕಿಟಕಿ ತೆರೆಯುವ ಸೂಲಗಿತ್ತಿ

ಜರ್ಮನಿಗೆ ಬಂದ ಹೊಸದರಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಚಳಿಯಲ್ಲ, ಭಾಷೆಯೂ ಅಲ್ಲ. ಸಂಜೆಯ ಊಟ. ಇಲ್ಲಿಯ ಜನ ಮಧ್ಯಾಹ್ನ ಬಿಸಿ ಊಟ ಮಾಡಿದರೆ ಸಂಜೆ ಒಲೆ ಹಚ್ಚುವುದಿಲ್ಲ. ಮರದ ಹಲಗೆಯ ಮೇಲೆ ಗಟ್ಟಿ ಬ್ರೆಡ್ಡು, ಬೆಣ್ಣೆ, ಚೀಸು, ವಿನೆಗರಿನಲ್ಲಿ ಹುಳಿಬರಿಸಿದ ಎಳೆ ಸೌತೆಕಾಯಿ ಇಟ್ಟುಕೊಂಡು ಇಡೀ ಮನೆಯವರು ಕೂತು ಖುಷಿಯಿಂದ ತಿನ್ನುತ್ತಾರೆ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮುಗಿಸಿ, ಮಂಜಿನಲ್ಲಿ ನಡೆದು ಕೋಣೆಗೆ ಬಂದು, ಆ ತಣ್ಣಗಿನ ಬ್ರೆಡ್ಡನ್ನು ಮುಂದಿಟ್ಟುಕೊಂಡು ಕೂತಾಗ ಮಾನ್ವಿಯ ನಮ್ಮ ಮನೆಯ ಒಲೆಯ ನೆನಪಾಗುತ್ತಿತ್ತು. ಆಮೇಲೆ ಯಾವಾಗ ಆ ಬ್ರೆಡ್ಡು ರುಚಿಸತೊಡಗಿತೋ ನನಗೇ ತಿಳಿಯಲಿಲ್ಲ. ಈಗ ಬೇಕರಿಯ ಮುಂದೆ ಹಾದರೆ ಯಾವ ಬ್ರೆಡ್ಡಿಗೆ ಸೂರ್ಯಕಾಂತಿ ಬೀಜ ಹಾಕಿದ್ದಾರೆ, ಯಾವುದಕ್ಕೆ ಅಗಸೆ ಹಾಕಿದ್ದಾರೆ ಎಂದು ವಾಸನೆಯಿಂದಲೇ ಹೇಳಬಲ್ಲೆ.

ಹೀಗೆ ನಾನು ಒಗ್ಗಿಕೊಂಡಿದ್ದೆ. ರಾಯಚೂರಿನಲ್ಲಿ ನರ್ಸಿಂಗ್ ಓದುವಾಗಲೇ ಪರಿಚಯವಾಗಿದ್ದ ದೇವದುರ್ಗದ ಹುಡುಗನನ್ನು ಮದುವೆಯಾದೆ. ಅವರೂ ಇಲ್ಲಿಗೆ ಬಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದರು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆದರೂ ಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆ ಎನ್ನುವುದು ಅಭ್ಯಾಸವಾಯಿತು. ಒಗ್ಗಿಕೊಳ್ಳಬೇಕಾದ ಸರದಿ ಮುಂದೆ ಅವ್ವನಿಗೆ ಬಂತು. ನನ್ನ ಬಾಣಂತನಕ್ಕೆಂದು ಅವ್ವ ಜರ್ಮನಿಗೆ ಬಂದಳು.

ಅವ್ವ ಹುಟ್ಟಿದ್ದು ಕುರ್ಡಿಯಲ್ಲಿ. ನಾನು ಸಣ್ಣವಳಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಹತ್ತಿ ಬಿಡಿಸಿ, ಮೆಣಸಿನಕಾಯಿ ಹೊಲದಲ್ಲಿ ದುಡಿದು, ಆಮೇಲೆ ಮಾನ್ವಿಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿ ನನ್ನನ್ನು ಓದಿಸಿದಳು. ಹೈದರಾಬಾದಿನಿಂದ ವಿಮಾನ ಹತ್ತಿದವಳು ಡಿಸೆಂಬರಿನ ಚಳಿಯಲ್ಲಿ ಇಳಿದಾಗ ಸೀರೆಯ ಮೇಲೆ ಎರಡು ಸ್ವೆಟರು, ತಲೆಗೆ ಮಫ್ಲರು. ಪೆಟ್ಟಿಗೆಯ ತುಂಬ ಜೋಳದ ಹಿಟ್ಟು, ಶೇಂಗಾ ಹಿಂಡಿ, ಅಂಟಿನುಂಡಿಗೆ ಬೇಕಾದ ಕೊಬ್ಬರಿ, ಉತ್ತತ್ತಿ, ಲೋಬಾನ, ಮತ್ತೆ ಹಳೆಯ ಮೆತ್ತನೆ ಸೀರೆ ಹರಿದು ಕೈಯಲ್ಲೇ ಹೊಲಿದ ಕೌದಿ, ಮಗುವಿನ ತಲೆಗೆ ಕುಂಚಿಗೆ.

ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣು ಮಗು. ಅಂದು ಸಂಜೆ ತಟ್ಟೆಯಲ್ಲಿ ಬ್ರೆಡ್ಡು, ಚೀಸು, ಹುಳಿ ಸೌತೆಕಾಯಿ ಬಂದದ್ದನ್ನು ನೋಡಿ ಅವ್ವ ಎದ್ದು ನಿಂತಳು.

"ಹಡದಾಕಿಗೆ ತಣ್ಣಂದು ಕೊಡ್ತಾರೇನಬೇ? ಇವರಿಗೆ ಅವ್ವ ಅಕ್ಕ ಇಲ್ಲೇನು?"

"ಇಲ್ಲಿ ಹಿಂಗ ಯವ್ವಾ. ಎಲ್ಲಾರೂ ಇದನ್ನ ತಿಂತಾರ."

"ತಿನ್ನಲಿ. ನೀ ತಿನ್ನಬ್ಯಾಡ," ಎಂದು ಸೆರಗಿನ ಮರೆಯಿಂದ ಡಬ್ಬಿ ತೆಗೆದಳು. ಒಳಗೆ ತುಪ್ಪ ಹಾಕಿ ಕಲಸಿದ ಬಿಸಿ ಅನ್ನ ಇತ್ತು. ಅದನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು.

ಇಲ್ಲಿ ಬಾಣಂತಿಯನ್ನು ಮನೆಗೆ ಕಳಿಸಿದ ಮೇಲೆ ಸೂಲಗಿತ್ತಿ ಮನೆಗೇ ಬಂದು ನೋಡಿಕೊಳ್ಳುವ ಪದ್ಧತಿ ಇದೆ. ಮೊದಲು ದಿನಾ ಬರುತ್ತಾರೆ, ಆಮೇಲೆ ವಾರಕ್ಕೊಮ್ಮೆ. ನಮಗೆ ಬಂದವರು ಐವತ್ತು ದಾಟಿದ, ಗಂಡಸರಂತೆ ಕೂದಲು ಕತ್ತರಿಸಿಕೊಂಡ ಎತ್ತರದ ಹೆಂಗಸು. ಎಂಥ ಮಂಜಿನಲ್ಲೂ ಸೈಕಲ್ಲಿನ ಮೇಲೇ ಬರುತ್ತಿದ್ದರು. ಸೂಲಗಿತ್ತಿ ಬರುತ್ತಾಳೆ ಎಂದು ಹೇಳಿದಾಗ ಅವ್ವನಿಗೆ ಸಂತೋಷವಾಗಿತ್ತು. ತನ್ನ ವಯಸ್ಸಿನವಳೊಬ್ಬಳು ಬರುತ್ತಾಳೆ, ಕೂತು ನಾಲ್ಕು ಮಾತಾಡಬಹುದು ಎಂದುಕೊಂಡಿದ್ದಳು. ಆಕೆ ಬಂದರು, ಕೈ ತೊಳೆದರು, ನಕ್ಕರು, ನೇರವಾಗಿ ಹೋಗಿ ಕಿಟಕಿಯನ್ನು ಪೂರ್ತಿ ತೆರೆದರು.

ಹೊರಗೆ ಹಿಮ ಬೀಳುತ್ತಿತ್ತು.

ನಮ್ಮ ಕಡೆ ಬಾಣಂತಿಯ ಕೋಣೆಗೆ ಬೆಳಕೂ ಕೇಳಿಕೊಂಡು ಬರಬೇಕು. ಗಾಳಿಯಂತೂ ದೂರದ ಮಾತು. ಅವ್ವ ಓಡಿ ಬಂದು ಕಿಟಕಿ ಮುಚ್ಚಿದಳು. ಸೂಲಗಿತ್ತಿ ಮತ್ತೆ ತೆರೆದರು. "ಐದು ನಿಮಿಷ. ಮಗುವಿಗೆ ತಾಜಾ ಗಾಳಿ ಬೇಕು," ಎಂದರು. ನಾನು ಅನುವಾದ ಮಾಡಿದೆ.

"ಥಂಡಿ ಹತ್ತಿ ಸನ್ನಿ ಆದ್ರ ಈಕಿ ಬರ್ತಾಳೇನು?" ಎಂದಳು ಅವ್ವ.

"ಏನೆಂದರು?" ಎಂದು ಸೂಲಗಿತ್ತಿ ನನ್ನತ್ತ ತಿರುಗಿದರು.

"ಅಮ್ಮನಿಗೆ ಚಳಿಯಂತೆ," ಎಂದೆ.

ಅಂದಿನಿಂದ ದಿನಾ ಇದೇ ಕಥೆ. ಸೈಕಲ್ ಗಂಟೆ ಕೇಳಿದೊಡನೆ ಅವ್ವ ನನ್ನ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗುತ್ತಿದ್ದಳು. ಐದು ನಿಮಿಷ ಮುಗಿದು ಕಿಟಕಿ ಮುಚ್ಚಿದ ಸದ್ದು ಕೇಳಿದ ಮೇಲೆ ಹೊರಗೆ ಬರುತ್ತಿದ್ದಳು.

ಮಗುವಿನ ಹೆಸರಿನದೂ ಒಂದು ಗೊಂದಲ. ಇಲ್ಲಿ ಹುಟ್ಟಿದೊಡನೆ ಹೆಸರು ಬರೆಸಬೇಕು. ನಾವು ಬರೆಸಿಯೂ ಆಗಿತ್ತು. ತೊಟ್ಟಿಲಿಗೆ ಹಾಕುವ ಮುಂಚೆ ಹೆಸರು ಹಿಡಿದು ಕರೆಯಬಾರದೆಂದು ಅವ್ವ "ಕೂಸು, ಕೂಸು" ಎಂದೇ ಕರೆಯುತ್ತಿದ್ದಳು. ಸೂಲಗಿತ್ತಿ ಅದನ್ನೇ ಮುದ್ದಿನ ಹೆಸರು ಎಂದುಕೊಂಡರು. ಅವರ ಭಾಷೆಯಲ್ಲಿ ಕೆನ್ನೆಗೆ ಕೊಡುವ ಮುತ್ತಿಗೆ ಹೆಚ್ಚುಕಡಿಮೆ ಅದೇ ಶಬ್ದ, ಕುಸ್. ಹೀಗಾಗಿ ಆಕೆಗೆ ಬಲು ಇಷ್ಟವಾಗಿ, ಬಾಗಿಲಲ್ಲೇ "ಎಲ್ಲಿದ್ದಾಳೆ ನನ್ನ ಕೂಸು?" ಎಂದು ಕೇಳುತ್ತಾ ಬರುತ್ತಿದ್ದರು. ಆ ಒಂದು ಶಬ್ದ ಇಬ್ಬರಿಗೂ ಅರ್ಥವಾಗುತ್ತಿತ್ತು.

ಆದರೆ ಒಂದು ದಿನ ಮಾತು ಬೇರೆ ಕಡೆ ಹೋಯಿತು. ಮಗು ಕುಂಚಿಗೆ ಹಾಕಿಕೊಂಡು, ಮೇಲೆ ಕೌದಿ ಹೊದ್ದು ಮಲಗಿತ್ತು. ಸೂಲಗಿತ್ತಿ ಕತ್ತಿನ ಹಿಂದೆ ಬೆರಳಿಟ್ಟು ನೋಡಿ, ಬೆವರಿದೆ ಎಂದು ಕೌದಿ ಸರಿಸಿದರು, ಕುಂಚಿಗೆಯನ್ನು ಬಿಚ್ಚಿ ಮಡಿಸಿ ಪಕ್ಕಕ್ಕಿಟ್ಟರು. "ಮಲಗಿದಾಗ ಟೊಪ್ಪಿಗೆ ಬೇಡ. ಹೊದಿಕೆಯೂ ಬೇಡ. ಮಗುವಿಗೆ ಉಸಿರು ಕಟ್ಟುತ್ತದೆ," ಎಂದರು. ನರ್ಸ್ ಆದ ನನಗೂ ಇದು ಗೊತ್ತಿದ್ದ ವಿಷಯ. ಅವ್ವ ಕುಂಚಿಗೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸೂಲಗಿತ್ತಿ ಹೋದ ಮೇಲೆ ನೋಡಿದರೆ, ಅವ್ವ ಅದನ್ನು ಹಿಡಿದುಕೊಂಡೇ ಒಲೆಯ ಮುಂದೆ ನಿಂತಿದ್ದಳು.

"ನನ್ನ ಟಿಕೀಟು ಹಿಂದಕ್ಕ ತಗೋ. ನಾ ಊರಿಗೆ ಹೊಂಟೀನಿ."

"ಯಾಕಬೇ ಯವ್ವಾ?"

"ನಾ ಇಲ್ಲಿ ಏನ್ ಮಾಡಾಕತ್ತೀನಿ ಹೇಳು. ಕೂಸಿಗೆ ಹೊಚ್ಚಿದ್ರ ತಪ್ಪು, ನಾಲಿಗಿಗೆ ಜೇನು ಹಚ್ಚಿದ್ರ ತಪ್ಪು, ಕಿಡಕಿ ಮುಚ್ಚಿದ್ರ ತಪ್ಪು. ನಾ ನನ್ನ ಮೊಮ್ಮಗಳನ್ನ ಕೊಲ್ಲಾಕ ಬಂದೀನೇನು?"

ಅವ್ವನ ಭುಜಕ್ಕೆ ತಲೆಯಿಟ್ಟು ನಿಂತೆ. ಆಕೆ ನನ್ನ ತಲೆಯ ಬಟ್ಟೆಯನ್ನು ಇನ್ನೊಮ್ಮೆ ಬಿಗಿದು ಕಟ್ಟಿದಳು. ಟಿಕೆಟ್ಟಿನ ಮಾತು ಅಲ್ಲಿಗೇ ನಿಂತಿತು, ಆದರೆ ಸೂಲಗಿತ್ತಿ ಬಂದಾಗ ಅವ್ವ ಹೊರಗೆ ಬರುವುದನ್ನು ಬಿಟ್ಟಳು.

ಮುಂದಿನ ವಾರ ನನ್ನ ಎದೆಯಲ್ಲಿ ಹಾಲು ಕಟ್ಟಿತು. ಎದೆ ಕಲ್ಲಿನಂತಾಗಿ ಜ್ವರ ಬಂತು. ಅವ್ವ ಬಿಸಿನೀರಿನ ಶಾಖ ಕೊಟ್ಟಳು, ನೀವಿದಳು. ಮಗು ಹಾಲು ಸಿಗದೆ ಅಳುತ್ತಿತ್ತು. ನನ್ನವರು ಫೋನು ಮಾಡಿದ್ದಕ್ಕೆ ಸೂಲಗಿತ್ತಿ ರಜೆಯ ದಿನವಾದರೂ ಬಂದರು. ನಮ್ಮ ಫ್ರಿಜ್ಜಿನಿಂದ ಕ್ವಾರ್ಕ್ ಎಂಬ ಗಟ್ಟಿ ಮೊಸರನ್ನು ತೆಗೆದು, ತೆಳು ಬಟ್ಟೆಗೆ ದಪ್ಪಗೆ ಸವರಿ, ಮಗು ಕುಡಿದ ಮೇಲೆ ನನ್ನ ಎದೆಗೆ ಹೊದಿಸಿದರು. ಅವ್ವ ಬಾಗಿಲಲ್ಲಿ ನಿಂತು ಎದೆ ಎದೆ ಬಡಿದುಕೊಂಡಳು. ಬಾಣಂತಿಯ ಎದೆಗೆ ತಣ್ಣನೆಯ ಮೊಸರು! ಆದರೆ ಈ ಸಲ ಅಡ್ಡ ಬರಲಿಲ್ಲ. ನಾನು ಅಷ್ಟು ನರಳುತ್ತಿದ್ದೆ.

ಸೂಲಗಿತ್ತಿ ಹೋಗಲಿಲ್ಲ. ಹಾಸಿಗೆಯ ಪಕ್ಕದಲ್ಲೇ ಕೂತರು. ಒಣಗಿದ ಬಟ್ಟೆ ತೆಗೆದು ಮತ್ತೊಂದು ಹಾಕಿದರು. ಸಂಜೆಯ ಹೊತ್ತಿಗೆ ಜ್ವರ ಇಳಿದು, ಗಂಟು ಮೆತ್ತಗಾಗಿ, ಮಗು ಗಟಗಟ ಕುಡಿಯತೊಡಗಿತು. ಅವ್ವ ಆ ಶಬ್ದ ಕೇಳುತ್ತಾ ಸ್ವಲ್ಪ ಹೊತ್ತು ನಿಂತಿದ್ದು ಅಡುಗೆಮನೆಗೆ ಹೋದಳು. ಹಿಟ್ಟು ನಾದಿ ಎರಡು ರೊಟ್ಟಿ ಬಡಿದು, ಶೇಂಗಾ ಹಿಂಡಿಯ ಮೇಲೆ ಬೆಣ್ಣೆ ಹಾಕಿ ತಂದು ಆಕೆಯ ಮುಂದಿಟ್ಟಳು.

"ಮುಂಜಾನಿಂದ ಏನೂ ತಿಂದಿಲ್ಲ ಈಕಿ. ತಿನ್ನು ಅಂತ ಹೇಳು."

ಸೂಲಗಿತ್ತಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡರು, ಮತ್ತೊಂದು ರೊಟ್ಟಿ ಕೇಳಿದರು. ಅವ್ವ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

ಆಮೇಲೆ ಒಬ್ಬರಿಗೊಬ್ಬರು ಸೋಲತೊಡಗಿದರು. ಅವ್ವ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದನ್ನು ಸೂಲಗಿತ್ತಿ ಬಚ್ಚಲ ಹೊಸ್ತಿಲಲ್ಲಿ ಕೂತು ನೋಡಿದರು. ಬೆನ್ನ ಮೇಲೆ ಅಷ್ಟು ಒತ್ತಬೇಡಿ ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ಮತ್ತೇನೂ ಅನ್ನಲಿಲ್ಲ. ಕೌದಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಮಗುವನ್ನು ಆಡಿಸಲು ತಾವೇ ಹೇಳಿದರು, ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಕುಂಚಿಗೆ ಹೊರಗೆ ತಿರುಗಾಡಲು ಹೋಗುವಾಗಿನ ಟೊಪ್ಪಿಗೆಯಾಯಿತು. ಆಕೆ ಹಾಲು ಹೆಚ್ಚಲೆಂದು ತಂದ ಚಹದ ಪುಡಿಯನ್ನು ಅವ್ವ ಮೂಸಿ ನೋಡಿ, "ಇದು ಬಡೇಸೋಪಲ್ಲೇನು! ನಮ್ಮಂಗ ಇವರೂ ಬಾಣ್ತಿಗೆ ಕೊಡ್ತಾರ," ಎಂದು ಅದನ್ನು ದಿನಾ ತಾನೇ ಕುದಿಸಿ ಕೊಡತೊಡಗಿದಳು.

ಲೋಬಾನದ ದಿನ ಮಾತ್ರ ಮನೆಯೇ ಬೆಚ್ಚಿಬಿತ್ತು. ಮಗುವನ್ನು ಎರೆದು ಅವ್ವ ಹೊಗೆ ಹಾಕಿದಳು. ಚಾವಣಿಯಲ್ಲಿದ್ದ ಬೆಂಕಿಯ ಎಚ್ಚರಿಕೆ ಯಂತ್ರ ಕಿವಿ ಹರಿಯುವಂತೆ ಕಿರುಚಿತು. ಅಷ್ಟರಲ್ಲೇ ಬಂದ ಸೂಲಗಿತ್ತಿ ಶೂ ಕೂಡ ಬಿಚ್ಚದೆ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಿದರು. ಅವ್ವ ಮಗುವನ್ನು ಅವಚಿಕೊಂಡು ಮೂಲೆಗೆ ಸರಿದಳು. ಈಗ ಬೈಯುತ್ತಾರೆ ಎಂದು ನಾನು ಕಾದೆ. ಆಕೆ ಕುರ್ಚಿಯ ಮೇಲೆ ನಿಂತೇ ಮೂಗರಳಿಸಿದರು.

"ನನ್ನ ಅಜ್ಜಿಯ ಮನೆಯ ವಾಸನೆ," ಎಂದರು. ಅವರ ಹಳ್ಳಿಯಲ್ಲಿ ಕ್ರಿಸ್‌ಮಸ್ ಆದ ಮೇಲೆ ಹೊಸ ವರ್ಷದ ಸುತ್ತಮುತ್ತ ಮನೆಗೂ ದನದ ಕೊಟ್ಟಿಗೆಗೂ ಇಂಥದೇ ಧೂಪ ಹಾಕುತ್ತಿದ್ದರಂತೆ. ಕೊನೆಗೆ ಇಬ್ಬರೂ ಸೇರಿ ಒಂದು ದಾರಿ ಹುಡುಕಿದರು. ಕೆಂಡದ ಬಟ್ಟಲು ಬಾಲ್ಕನಿಗೆ ಹೋಯಿತು. ಮಗುವಿನ ಬಟ್ಟೆಗಳನ್ನು ಅಲ್ಲಿ ಹೊಗೆಗೆ ಹಿಡಿದು, ಕೊಡವಿ, ಒಳಗೆ ತಂದು ತೊಡಿಸುವುದು. ಮಗುವಿಗೆ ಹೊಗೆ ತಾಗುವುದಿಲ್ಲ, ಅವ್ವನಿಗೆ ವಾಸನೆ ಸಿಗುತ್ತದೆ. ಹಿಮ ಬಿದ್ದ ಬಾಲ್ಕನಿಯಲ್ಲಿ ಎರಡು ಸ್ವೆಟರಿನ ಅವ್ವ ಪುಟ್ಟ ಅಂಗಿಗಳನ್ನು ಹಿಡಿದು ನಿಂತಿರುವುದನ್ನು ಎದುರು ಮನೆಯವರು ನೋಡುತ್ತಿದ್ದರು. ಅವ್ವ ಅವರಿಗೆ ಕೈ ಬೀಸುತ್ತಿದ್ದಳು.

ಅವ್ವ ಊರಿಗೆ ಹೊರಡುವ ಮುಂಚಿನ ವಾರ ಸೂಲಗಿತ್ತಿ ಕೊನೆಯ ಬಾರಿಗೆ ಬಂದರು. ಅವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವ್ವ ಬೆಳಿಗ್ಗೆಯೇ ಒಂದು ತಟ್ಟೆ ಜೋಡಿಸಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ನನಗೆಂದು ತಂದಿದ್ದ ಒಂದು ಗುಳೇದಗುಡ್ಡದ ಖಣ. ಉಡಿ ತುಂಬುವ ಸಾಮಾನು.

"ನೀ ತುಂಬು," ಎಂದಳು ನನಗೆ.

ನಮ್ಮ ಕಡೆ ಗಂಡ ಇಲ್ಲದವರು ಉಡಿ ತುಂಬುವುದಿಲ್ಲ. ಅಪ್ಪ ಹೋದಂದಿನಿಂದ ಅವ್ವ ಯಾರ ಉಡಿಯನ್ನೂ ತುಂಬಿದವಳಲ್ಲ, ನನ್ನ ಮದುವೆಯಲ್ಲೂ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅಷ್ಟರಲ್ಲಿ ಮಗು ಹಾಲಿಗೆ ಅತ್ತಿತು. ನಾನು ಎದೆಗೆ ಹಚ್ಚಿಕೊಂಡು ಕೂತುಬಿಟ್ಟೆ.

"ನೀನೇ ತುಂಬಬೇ ಯವ್ವಾ," ಎಂದೆ.

"ನಾನಾ?"

"ಆಕಿಗೆ ರೊಟ್ಟಿ ಬಡದು ಹಾಕಿದಾಕಿ ನೀನು. ನೀನ ತುಂಬು."

ಅವ್ವ ತಟ್ಟೆ ಹಿಡಿದುಕೊಂಡಳು. ಕಣ್ಣಿಂದ ನೀರು ಇಳಿಯತೊಡಗಿತು. ಸೂಲಗಿತ್ತಿ ನನ್ನತ್ತ ನೋಡಿ, "ನಿನ್ನ ಅಮ್ಮ ಏಕೆ ಅಳುತ್ತಿದ್ದಾರೆ?" ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ, "ಹಾಗಾದರೆ ನಾನು ಹೇಗೆ ನಿಲ್ಲಬೇಕು, ತೋರಿಸು," ಎಂದರು. ಸೆರಗಿಲ್ಲವಲ್ಲ, ಉಣ್ಣೆಯ ಅಂಗಿಯ ಅಂಚನ್ನೇ ಎರಡೂ ಕೈಯಿಂದ ಮುಂದೆ ಚಾಚಲು ಹೇಳಿದೆ. ಅಷ್ಟು ಎತ್ತರದ ಹೆಂಗಸು ಅವ್ವನ ಮುಂದೆ ಮೊಣಕಾಲೂರಿ ಕೂತು ಉಡಿ ಒಡ್ಡಿದರು. ಅವ್ವ ಹಿಡಿ ಹಿಡಿಯಾಗಿ ಅಕ್ಕಿ ಹಾಕಿದಳು, ಕೊಬ್ಬರಿ ಇಟ್ಟಳು, ಖಣ ಇಟ್ಟಳು. ಕೊನೆಗೆ ಆಕೆಯ ತಲೆ ಸವರಿ, "ತಣ್ಣಗಿರು ನನ್ನವ್ವಾ," ಎಂದಳು. ಇದನ್ನು ಮಾತ್ರ ಅನುವಾದ ಮಾಡುವುದು ಕಷ್ಟವಾಯಿತು. ತಣ್ಣಗಿರುವುದೆಂದರೆ ಚಳಿಯಲ್ಲ, ಸುಖವಾಗಿರುವುದು ಎಂದು ವಿವರಿಸಬೇಕಾಯಿತು. ಆಕೆ ಅಳುತ್ತಾ ನಗತೊಡಗಿದರು.

ಮರುವರ್ಷ ಮಗುವಿನ ಜವಳ ತೆಗೆಸಲು ನಾವು ಮಾನ್ವಿಗೆ ಬಂದೆವು. ಕುರ್ಡಿಯಿಂದ, ಕಲ್ಲೂರಿನಿಂದ ನೆಂಟರು ಬಂದಿದ್ದರು, ದೇವದುರ್ಗದಿಂದ ಗಂಡನ ಮನೆಯವರು ಬಂದಿದ್ದರು. ಕೂದಲು ತೆಗೆಸಿದ ಮೇಲೆ ನನ್ನನ್ನು ಮಣೆಯ ಮೇಲೆ ಕೂರಿಸಿ, ಮಗುವನ್ನು ತೊಡೆಯ ಮೇಲಿಟ್ಟು, "ಮುತ್ತೈದೇರು ಬರ್ರಿ, ಉಡಿ ತುಂಬ್ರಿ," ಎಂದು ಯಾರೋ ಕರೆದರು. ಎಲ್ಲರಿಗಿಂತ ಮುಂಚೆ ಅಡುಗೆಮನೆಯಿಂದ ಅವ್ವ ತಟ್ಟೆ ಹಿಡಿದು ಬಂದಳು.

ಕೋಣೆಯಲ್ಲಿ ಸದ್ದಡಗಿತು. ಅಪ್ಪನ ಅಕ್ಕ, ನನ್ನ ದೊಡ್ಡತ್ತೆ, ಗೋಡೆಗೆ ಒರಗಿ ಕೂತಿದ್ದಳು. ಅವಳೂ ಗಂಡನನ್ನು ಕಳೆದುಕೊಂಡವಳೇ.

"ಏನಬೇ ಇದು, ನೀ ತುಂಬ್ತೀಯೇನು?" ಎಂದಳು.

"ಜರ್ಮನಿಯಾಗ ಒಬ್ಬಾಕಿಗೆ ತುಂಬಿ ಬಂದೀನಿ ಅಕ್ಕಾ," ಎಂದಳು ಅವ್ವ. "ಆಕಿ ಆರಾಮ ಅದಾಳ. ಮೊನ್ನಿ ಫೋನ್ ಮಾಡಿದ್ಲು. ನಾ ಹಡದ ಮಗಳಿಗೆ ತುಂಬಿದ್ರ ಏನಾಕ್ಕದ?"

ಅವ್ವ ನನ್ನ ಸೆರಗಿಗೆ ಅಕ್ಕಿ ಹಾಕಿದಳು. ಗಂಡನ ತಾಯಿ, ದೇವದುರ್ಗದ ನನ್ನ ಅತ್ತೆ, "ತುಂಬ್ರಿ ಬೀಗ್ತಿ, ತುಂಬ್ರಿ," ಎಂದು ಕೊಬ್ಬರಿ ಬಟ್ಟಲನ್ನು ತಾವೇ ಎತ್ತಿ ಅವ್ವನ ಕೈಗೆ ಕೊಟ್ಟರು. ಆಮೇಲೆ ಉಳಿದ ಹೆಂಗಸರು ಸಾಲಾಗಿ ಬಂದರು, ಮಾತು, ನಗೆ ಎಲ್ಲ ಶುರುವಾಯಿತು.

ಎಲ್ಲರದೂ ಮುಗಿಯಿತು ಎನ್ನುವಾಗ ದೊಡ್ಡತ್ತೆ ಗೋಡೆ ಹಿಡಿದು ಎದ್ದಳು. ಮೆಲ್ಲಗೆ ಬಂದು ನನ್ನ ಪಕ್ಕ ಬಗ್ಗಿ, ಅವ್ವನಿಗೂ ನನಗೂ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, "ನಾನೂ ಒಂದ್ ಹಿಡಿ ಹಾಕ್ಲೇನು?" ಎಂದಳು.

ಅವ್ವ ತಟ್ಟೆಯನ್ನು ಅವಳ ಮುಂದೆ ಹಿಡಿದಳು. ದೊಡ್ಡತ್ತೆಗೆ ಅಭ್ಯಾಸ ತಪ್ಪಿಹೋಗಿತ್ತು. ಅರ್ಧ ಅಕ್ಕಿ ಉಡಿಗೆ ಬಿತ್ತು, ಇನ್ನರ್ಧ ನೆಲದ ಮೇಲೆ ಚೆಲ್ಲಿತು. ಬೋಳು ತಲೆಯ ನನ್ನ ಮಗಳು ತೊಡೆಯಿಂದ ಜಾರಿ ಇಳಿದು, ಒಂದೊಂದೇ ಕಾಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳತೊಡಗಿದಳು.