ದಾಟಿದವರು ಸೊನ್ನೆ

ದೆವ್ವದ ಕಥೆ ಹೇಳುವವರ ಬಾಯಿ ಮುಚ್ಚಿಸಲು ನನ್ನ ಬಳಿ ಒಂದೇ ಪ್ರಶ್ನೆ ಇರುತ್ತಿತ್ತು: ಯಾವ ತಾರೀಖು? ಯಾರಿಗೂ ನೆನಪಿರುತ್ತಿರಲಿಲ್ಲ. ಶಾಲೆಯಲ್ಲಿದ್ದಾಗಿನಿಂದ ದಿನಚರಿ ಬರೆಯುವ ನನಗೆ ಅವರನ್ನು ನಂಬದಿರಲು ಅಷ್ಟೇ ಸಾಕಾಗುತ್ತಿತ್ತು. ಈಗ ನನ್ನದೇ ಒಂದು ಸಂಗತಿ ಇದೆ. ತಾರೀಖು, ವಾರ, ಅವತ್ತಿನ ಬಿಸಿಲು ಎಲ್ಲವನ್ನೂ ಬರೆದಿಟ್ಟಿದ್ದೇನೆ. ಅದರಿಂದ ನನಗೆ ಏನೂ ತಿಳಿದಿಲ್ಲ.

ಕೆಲವು ವರ್ಷಗಳ ಹಿಂದೆ ಹುಮನಾಬಾದಿನಲ್ಲಿ ಓದು ಮುಗಿಸಿ, ರಸ್ತೆ ಸುರಕ್ಷತೆಯ ಸರ್ವೆ ಮಾಡುವ ಒಂದು ಕಂಪನಿಯಲ್ಲಿ ದಿನಗೂಲಿಗೆ ಸೇರಿದ್ದೆ. ಹೆದ್ದಾರಿಯ ಬದಿಗೆ ಕುಳಿತು ವಾಹನಗಳ ವೇಗ ಅಳೆಯಬೇಕು, ರಸ್ತೆ ದಾಟುವವರನ್ನು ಎಣಿಸಬೇಕು. ಕುಳಿತಿರುವುದು ಮರೆಯಲ್ಲೇ ಆಗಬೇಕು. ನಮ್ಮ ಕೈಯಲ್ಲಿರುವ ಯಂತ್ರ ಕಂಡರೆ ಚಾಲಕರು ವೇಗ ಇಳಿಸುತ್ತಾರೆ, ಲೆಕ್ಕ ಕೆಡುತ್ತದೆ.

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವಾಗ ಹೆದ್ದಾರಿ ಒಂದು ಸಣ್ಣ ಊರನ್ನು ಅದರ ಹೊಲಗಳಿಂದ ಬೇರೆ ಮಾಡಿಬಿಟ್ಟಿದೆ. ಊರಿನ ಹೆಂಗಸರು ಕೂಲಿಗೆ ಹೋಗಲು ಬೆಳಿಗ್ಗೆ, ಮರಳಲು ಸಂಜೆ ಅದನ್ನು ದಾಟಲೇಬೇಕು. ತಮಗೊಂದು ಅಂಡರ್‌ಪಾಸ್ ಬೇಕೆಂದು ಅವರು ಅರ್ಜಿ ಕೊಟ್ಟಿದ್ದರು. ಅದು ಸಿಗುವುದೋ ಇಲ್ಲವೋ ಎಂಬುದು ನಾನು ಮಾಡುವ ಒಂದು ದಿನದ ಲೆಕ್ಕದ ಮೇಲೆ ನಿಂತಿತ್ತು.

ಆಫೀಸು ಆರಿಸಿದ ದಿನ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಎತ್ತು ಹೂಡುವುದಿಲ್ಲ, ಹೊಲದ ಕೂಲಿಗೂ ಹೋಗುವುದಿಲ್ಲ. ಬೇರೆ ದಿನ ಕೊಡಿ ಎಂದು ಮೇಲ್ವಿಚಾರಕರಿಗೆ ಫೋನ್ ಮಾಡಿದೆ.

"ಅಮಾವಾಸ್ಯಿಗಿ ಹೆದ್ದಾರಿಗಿ ಸೂಟಿ ಇರ್ತದೇನಪ್ಪಾ?" ಎಂದು ನಕ್ಕು ಫೋನ್ ಇಟ್ಟರು.

ಮಧ್ಯಾಹ್ನದ ಮೇಲೆ ಶರಣಮ್ಮ ಎಂಬ ಹೆಂಗಸು ನನ್ನ ಜಾಲಿಗಿಡದ ಮರೆಗೆ ಬಂದು ಕುಳಿತಳು. ಮಂಠಾಳದಿಂದ ಆ ಊರಿಗೆ ಮದುವೆಯಾಗಿ ಬಂದವಳು. ಅರ್ಜಿಗಾಗಿ ಮನೆಮನೆ ತಿರುಗಿದವಳೂ ಅವಳೇ.

"ಯಾರಿಗಿ ಹಿಡಿಲಾಕ ಅಡಗಿ ಕುಂತೀದಿ ತಮ್ಮಾ?"

"ಯಾರಿಗೂ ಇಲ್ರಿ ಅಕ್ಕಾ. ದಾಟೋರಿಗಿ ಎಣಿಸಾಕತ್ತೀನಿ."

"ಇವತ್ತ? ಇವತ್ತ ನಾಯಿ ಭೀ ದಾಟಂಗಿಲ್ಲ." ಸ್ವಲ್ಪ ಯೋಚಿಸಿ ಸೀರೆ ಎತ್ತಿ ಕಟ್ಟಿದಳು. "ನಾನೇ ಒಂದಷ್ಟು ಸಲ ಆಕಡಿ ಈಕಡಿ ದಾಟ್ತೀನಿ. ನೀ ಬರ್ಕೋ."

ನಾನು ಬೇಡವೆಂದೆ. ಹಾಗೆ ಬರೆದರೆ ಲೆಕ್ಕ ಸುಳ್ಳಾಗುತ್ತದೆ ಎಂದೆ. "ಭಾರಿ ಖರೆ ಮನುಷ್ಯಾ ಅದಿ ಬಿಡು" ಎಂದು ಅವಳು ಮತ್ತೆ ಕುಳಿತು ಎಲೆಅಡಿಕೆ ತೆಗೆದಳು.

ಸಂಜೆ, ಬೇರೆ ದಿನವಾಗಿದ್ದರೆ ಹೊಲದಿಂದ ಜನ ಮರಳುವ ಹೊತ್ತಿಗೆ, ಅದು ಶುರುವಾಯಿತು. ನಮ್ಮೆದುರಿಗೆ ಬರುತ್ತಿದ್ದಂತೆ ಒಂದು ಕಾರು ವೇಗ ಇಳಿಸಿ, ಕ್ಷಣ ನಿಂತಂತೆ ಮಾಡಿ ಮುಂದೆ ಹೋಯಿತು. ಹಿಂದಿನ ಬಸ್ಸೂ ಹಾಗೆಯೇ ಮಾಡಿತು. ಆಮೇಲೆ ಎರಡೂ ದಿಕ್ಕಿನಿಂದ ಬಂದ ವಾಹನಗಳೆಲ್ಲ ಅದೇ ಜಾಗದಲ್ಲಿ ತಡೆದು ತಡೆದು ಹೋದವು. ಯಾರೂ ಹಾರ್ನ್ ಹಾಕಲಿಲ್ಲ. ರಸ್ತೆ ಖಾಲಿ ಇತ್ತು. ಯಂತ್ರ ಕೆಟ್ಟಿದೆಯೇ ಎಂದು ನೋಡಿದೆ, ಕೆಟ್ಟಿರಲಿಲ್ಲ. ಶರಣಮ್ಮ ಎದ್ದು ನಿಂತಿದ್ದಳು, ಬಾಯಲ್ಲಿನ ಎಲೆ ಅಗಿಯುವುದನ್ನು ಮರೆತಿದ್ದಳು.

ಒಂದು ಲಾರಿ ಪೂರ್ತಿ ನಿಂತಿತು. ನಾನು ಮರೆಯಿಂದ ಹೊರಬಂದು, ಯಾಕೆ ನಿಲ್ಲಿಸಿದಿರೆಂದು ಚಾಲಕನನ್ನು ಕೇಳಿದೆ.

"ಹೆಣ್ಮಕ್ಕಳು ದಾಟಾಕತ್ತಾರ, ಕಾಣಂಗಿಲ್ಲೇನು? ಅವರ ಮೈಮ್ಯಾಲ ಹೋಗ್ಲೇನು?" ಎಂದು ರೇಗಿದ. ಅವನ ಕಣ್ಣು ನನ್ನ ಮೇಲಿರಲಿಲ್ಲ. ಸಾಲಾಗಿ ಹೋಗುವವರನ್ನು ನೋಡುವಂತೆ ಹೊಲದ ಕಡೆಯಿಂದ ಊರಿನ ಕಡೆಗೆ ನಿಧಾನವಾಗಿ ಹೊರಳಿತು. ಆಮೇಲೆ ಗೇರ್ ಹಾಕಿ ಹೊರಟುಹೋದ.

ಕತ್ತಲಾಗುತ್ತಲೇ ವಾಹನಗಳು ಎಂದಿನಂತೆ ಓಡತೊಡಗಿದವು. ಯಂತ್ರ ತೋರಿಸಿದ ವೇಗವನ್ನು ಬರೆದೆ. ದಾಟಿದವರು ಎಂಬ ಕಡೆ ಸೊನ್ನೆ ಬರೆದೆ. ಲಾರಿಯವನ ಮಾತು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಊರಿಗೆ ಉತ್ತರ ಹೋಯಿತು. ಅಲ್ಲಿ ಯಾರೂ ರಸ್ತೆ ದಾಟುವುದಿಲ್ಲ, ವಾಹನಗಳು ತಾವಾಗಿಯೇ ನಿಧಾನವಾಗುತ್ತವೆ, ಅಂಡರ್‌ಪಾಸ್ ಬೇಕಿಲ್ಲ. ಇದು ಅನ್ಯಾಯವೆಂದು ಮೇಲ್ವಿಚಾರಕರ ಮುಂದೆ ಕೂಗಾಡಿದೆ. "ಎರಡೂ ನಿಂದೇ ಲೆಕ್ಕ ಅಲ್ಲೇನೋ?" ಎಂದರು. ನನ್ನದೇ ಆಗಿತ್ತು.

ಸೋಯಾ ಕೊಯ್ಲಿನ ದಿನಗಳಲ್ಲಿ, ಕೂಲಿ ಮುಗಿಸಿ ಮರಳುತ್ತಿದ್ದ ಶರಣಮ್ಮನಿಗೆ ಅದೇ ಜಾಗದಲ್ಲಿ ಕಾರು ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಡಾಂಬರಿನ ಮೇಲೆ ಬ್ರೇಕ್ ಹಾಕಿದ ಗುರುತು ಕೂಡ ಇರಲಿಲ್ಲವಂತೆ.

ನಾನು ಕೆಲಸ ಬಿಟ್ಟೆ. ಬಿಟ್ಟ ಮೇಲೂ ಎಷ್ಟೋ ಸಂಜೆ ಅಲ್ಲಿಗೆ ಹೋಗಿ ಕುಳಿತಿದ್ದೇನೆ, ಕೂಲಿ ಇದ್ದ ದಿನವೂ, ಅಮಾವಾಸ್ಯೆಯಂದೂ. ಇಳಿಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದುಕೊಂಡರೆ, ಬಿಸಿಲು ಬೆನ್ನಿಗಿದ್ದವರೂ ಅವತ್ತು ನಿಂತಿದ್ದರು. ಆಮೇಲೆ ಯಾವತ್ತೂ, ಯಾರಿಗಾಗಿಯೂ, ಒಂದು ವಾಹನವೂ ಅಲ್ಲಿ ನಿಂತಿಲ್ಲ.

ದಿನಕರ್ಮ ಮುಗಿದ ಮೇಲೆ ಶರಣಮ್ಮನ ಮನೆಗೆ ಹೋಗಿದ್ದೆ. ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಬಾಗಿಲಲ್ಲೇ ನಿಂತು ಮಾತಾಡಿದಳು. ಆ ಸಂಜೆಯದನ್ನು ಶರಣಮ್ಮ ಮನೆಯವರಿಗೆಲ್ಲ ಹೇಳಿದ್ದಳು.

"ಗಾಡಿ ನಿಂತಿದ್ದು ಖರೇನೇ ಏನು ತಮ್ಮಾ?"

"ಖರೇನೇ ಅಕ್ಕಾ."

"ಯಾರೂ ಇಲ್ದಾಗ ನಿಂತ್ವು. ಆಕೀಗಿ ಯಾಕ ನಿಲ್ಲಲಿಲ್ಲ?"

ಬೈಯಲು ಕೇಳಿದ್ದಲ್ಲ. ನಾನು ಓದಿದವನು, ಗೊತ್ತಿರಬಹುದೆಂದು ಕೇಳಿದ್ದು. ಗೊತ್ತಿಲ್ಲ ಎಂದೆ. ಇವತ್ತು ನೀವು ಕೇಳಿದರೂ ಅಷ್ಟೇ ಹೇಳಬಲ್ಲೆ. ಆ ಊರಿನ ಹೆಂಗಸರು ಈಗಲೂ ತಲೆಯ ಮೇಲೆ ಹೊರೆ ಹೊತ್ತು ಅಲ್ಲಿ ಓಡುತ್ತಲೇ ದಾಟುತ್ತಾರೆ.