ನಾನು ಕೆತ್ತಿದ ಎದುರುಮನೆಯ ಗಂಟೆ

ನಾನು ಮರಗೆಲಸ ಕಲಿತವನು ಎಂದರೆ ನಮ್ಮ ಬೀದಿಯಲ್ಲಿ ಈಗಲೂ ನಗುವವರಿದ್ದಾರೆ. ಅವರದು ತಪ್ಪೆನ್ನಲಾರೆ. ಬೆಟ್ಟದ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ವರ್ಷಗಳವು. ಕೆಳಗೆ ನಮ್ಮ ಕಂಬಂ ಬಯಲಿನಲ್ಲಿದ್ದ ಗಾಡಿಗಳೆಲ್ಲ ಅಣೆಯ ಸಾಮಾನು ಹೊರುತ್ತಿದ್ದವು. ನಮ್ಮ ಗಾಡಿಯೂ ಬತ್ತಲಗುಂಡು, ಪೆರಿಯಕುಳಂ ದಾಟಿ ಮೂಟೆಗಳನ್ನು ತರುತ್ತಿತ್ತು. ಒಂದು ಸಲ ಗಾಡಿಯ ಜೊತೆ ಹೋದ ನಾನು ದಿಂಡಿಗಲ್ಲಿನ ಪೇಟೆಯಲ್ಲಿ ಮರ ಹೆರೆಯುವ ಒಂದು ಹತ್ತರಿ, ಒಂದು ಗರಗಸ, ಕೆಲವು ಉಳಿಗಳನ್ನು ಕೊಂಡು ತಂದೆ. ಯಾಕೆ ಎನ್ನುತ್ತೀರಾ? ಅಂಗಡಿಯಲ್ಲಿ ಉಳಿಯ ಬಾಯಿ ಹೊಳೆಯಿತು, ನಾನು ಕೈ ಚಾಚಿದೆ, ಅಷ್ಟೆ.

ನಮ್ಮದು ಉಳುವ ಮನೆ. ಕನ್ನಡದ ನಾವು ಈ ತಮಿಳು ಬಯಲಿಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಅಷ್ಟೂ ತಲೆಮಾರಿನಲ್ಲಿ ಒಬ್ಬರೂ ಹತ್ತರಿ ಹಿಡಿದಿರಲಿಲ್ಲ. ಮರದ ಕೆಲಸವಿದ್ದರೆ ಆಚಾರಿಗೆ ಹೇಳಿ ಕಳಿಸುವುದು, ಸುಗ್ಗಿಯಲ್ಲಿ ಅವನ ಪಾಲು ಕೊಡುವುದು. ನನ್ನ ಹುಚ್ಚಿನ ಸುದ್ದಿ ತಿಳಿದು ಆಚಾರಿಯೇ ಒಂದು ದಿನ ಕೊಟ್ಟಿಗೆಗೆ ಬಂದ. ನಾನು ಮಾವಿನ ಹಲಗೆಯಲ್ಲಿ ಮಾಡಿದ ಮುಕ್ಕಾಲಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ತನ್ನ ಅನ್ನಕ್ಕೆ ಸಂಚಕಾರವಿಲ್ಲವೆಂದು ಖಾತ್ರಿಯಾಯಿತೇನೋ, ಬಹಳ ನೆಮ್ಮದಿಯಿಂದ ಹೊರಟುಹೋದ.

ಆ ಮುಕ್ಕಾಲಿಯ ಮೇಲೆ ಕೂತ ಮೊದಲಿಗ ನನ್ನ ಹೆಂಡತಿಯ ಅಣ್ಣ. ಕೊನೆಯವನೂ ಅವನೇ. ಅವನು ಸೊಂಟ ಹಿಡಿದುಕೊಂಡು ಏಳುತ್ತಿರುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಅದ್ನ ಕೂರಕ್ಕೆ ಅಂತ ಯಾರಣ್ಣಾ ಹೇಳಿದ್ದು? ಸುಮ್ಮಾ ನೋಡಕ್ಕೆ ಮಾಡವ್ರೆ" ಎಂದಳು. ಆಮೇಲೆ ಸೌಟು ಮಾಡಿದೆ, ಅದರಲ್ಲಿ ಸಾರು ನಿಲ್ಲುತ್ತಿರಲಿಲ್ಲ. ಮಣೆ ಮಾಡಿದೆ, ಅದು ನೆಲದ ಮೇಲೆ ಎಂದೂ ಸರಿಯಾಗಿ ಕೂರಲಿಲ್ಲ. ಒಂದೊಂದಾಗಿ ಎಲ್ಲವೂ ಒಲೆಯ ಪಾಲಾದವು. ಉರಿಯುವುದರಲ್ಲಿ ಮಾತ್ರ ಅವು ಯಾವ ಆಚಾರಿಯ ಕೆಲಸಕ್ಕೂ ಕಡಿಮೆಯಿರಲಿಲ್ಲ.

ಹಾಗಿದ್ದರೂ ಬಿಡಲಿಲ್ಲ. ನಾನು ಮೂಗಿನ ಮೇಲೆ ಕೋಪ ಇಟ್ಟುಕೊಂಡವನು. ಕಾಲುವೆಯ ನೀರಿಗೆ, ಎತ್ತಿನ ಹಗ್ಗಕ್ಕೆ, ಸಾರಿನ ಉಪ್ಪಿಗೆ, ಯಾವುದಕ್ಕಾದರೂ ಸರಿ, ಕೂಗಾಡದೆ ಹೊತ್ತು ಮುಳುಗುತ್ತಿರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಕೂತು ಹಲಗೆಯ ಮೇಲೆ ಹತ್ತರಿ ಓಡಿಸಿದರೆ ಸಿಪ್ಪೆ ತೆಳ್ಳಗೆ ಸುರುಳಿ ಸುತ್ತಿಕೊಂಡು ಕಾಲ ಬುಡಕ್ಕೆ ಬೀಳುತ್ತಿತ್ತು. ಹಸಿ ಹಲಸಿನ ಮರದ ವಾಸನೆ ಬರುತ್ತಿತ್ತು. ಯಾರ ಮೇಲೆ ಕೋಪ ಬಂದಿತ್ತೆಂಬುದೇ ಮರೆತುಹೋಗುತ್ತಿತ್ತು. ನನಗೆ ಅಲ್ಲಿ ಸುಖವಾಗಿತ್ತು. ಇಷ್ಟು ಕೆಟ್ಟದಾಗಿ ಮಾಡುವ ಕೆಲಸದಲ್ಲಿ ಇಷ್ಟು ಸುಖ ಹೇಗೆ ಸಿಕ್ಕಿತೋ ತಿಳಿಯದು. ಹೆಂಡತಿಗೂ ಇದು ಗೊತ್ತಿತ್ತು. ನಾನು ಸಿಡುಕಲು ಶುರುಮಾಡಿದರೆ ಉಳಿ ತಂದು ಕೈಗೆ ಕೊಡುತ್ತಿದ್ದಳು.

ನನ್ನ ಅವ್ವನಿಗೆ ಕಣ್ಣು ಪೂರ್ತಿ ಹೋಗಿತ್ತು. ಹೊಲ, ಅಡಿಗೆ, ಮನೆಯ ಯಜಮಾನಿಕೆ ಎಲ್ಲವನ್ನೂ ಸೊಸೆಗೆ ಬಿಟ್ಟುಕೊಟ್ಟು ಒಂದೇ ಒಂದು ಕೆಲಸವನ್ನು ತಾನು ಇಟ್ಟುಕೊಂಡಿದ್ದಳು. ಸಂಜೆ ಬೆಟ್ಟದಡಿಯಲ್ಲಿ ಮೇದ ದನವೆಲ್ಲ ಒಂದೇ ಹಿಂಡಾಗಿ ಬೀದಿಗೆ ಬರುತ್ತಿತ್ತು. ಒಂದೊಂದು ಮನೆಯ ಹಸುವಿನ ಕೊರಳಲ್ಲೂ ಒಂದು ಮರದ ಗಂಟೆ, ಒಂದೊಂದಕ್ಕೂ ಬೇರೆ ದನಿ. ಅವ್ವ ಜಗಲಿಯ ಮೇಲೆ ಕೂತು, "ಇದು ಮೂಲೆಮನೇದು, ಇದು ಗೌಡ್ರುದು" ಎಂದು ಹೇಳುತ್ತಾ ಹೋಗುತ್ತಿದ್ದಳು. ಕೊನೆಗೆ, "ಬಿಚ್ಚೇ, ನಮ್ದು ಬಂತು" ಎನ್ನುತ್ತಿದ್ದಳು. ಆಗ ನನ್ನ ಹೆಂಡತಿ ಕರುವಿನ ಹಗ್ಗ ಬಿಚ್ಚುತ್ತಿದ್ದಳು. ಅವ್ವನ ಮಾತು ಒಂದು ದಿನವೂ ತಪ್ಪಿದ್ದಿಲ್ಲ. ಅದರಿಂದಾಗಿ ಬೀದಿಯಲ್ಲಿ ಅವಳಿಗೆ ಒಂದು ಗತ್ತೇ ಇತ್ತು.

ಆ ವರ್ಷ ನಮ್ಮ ಹಳೆಯ ಗಂಟೆ ಸೀಳಿತು. ಆಚಾರಿಗೆ ಹೇಳೋಣ ಎಂದಳು ಹೆಂಡತಿ. ನಾನಿರುವಾಗ ಆಚಾರಿ ಯಾಕೆ ಎಂದೆ ನಾನು. ಎದುರುಮನೆಯವರಿಂದ ಅವರ ಗಂಟೆಯನ್ನು ಮಾದರಿಗೆಂದು ಕೇಳಿ ತಂದು, ಹಲಸಿನ ಕೊರಡನ್ನು ಮುಂದಿಟ್ಟುಕೊಂಡು ಕೂತೆ. ಈ ಸಲ ಸೋಲಬಾರದು ಎಂದು ಕಡ್ಡಿ ಹಿಡಿದು ಅಳೆದೆ. ಒಳಗಿನ ಟೊಳ್ಳು, ಅಂಚಿನ ದಪ್ಪ, ಒಳಗೆ ತೂಗುವ ಕೋಲಿನ ಉದ್ದ, ಯಾವುದರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಬಿಡಲಿಲ್ಲ. ಮುಗಿದಾಗ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ನಂದು, ಯಾವುದು ಅವರದು ಎಂದು ನನಗೇ ಗೊತ್ತಾಗಲಿಲ್ಲ. ಆ ಸಂಜೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊಸ ಗಂಟೆ ಮಾಡಿದರೆ ಅದನ್ನು ಹಸುವಿಗೆ ಕಟ್ಟುವ ಮೊದಲು ಬೀದಿಯ ಮನೆಮನೆಯ ಮುಂದೆ ನಿಂತು ಅಲ್ಲಾಡಿಸುವುದು ನಮ್ಮವರ ರೂಢಿ. ಯಾರದಾದರೂ ಗಂಟೆಯ ದನಿಗೆ ಹೋಲಿದರೆ ಒಳಗೆ ಕೆರೆದು ಬದಲಿಸಬೇಕು. ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಮುಕ್ಕಾಲಿಯ ಕತೆ ಬೀದಿಗೆಲ್ಲ ಹರಡಿತ್ತು. ಮನೆಮನೆಯ ಮುಂದೆ ಗಂಟೆ ಹಿಡಿದು ನಿಂತು ನಗೆಪಾಟಲಾಗುವುದು ಬೇಡವೆಂದು, ಎದುರುಮನೆಯವರದನ್ನು ಅವರಿಗೆ ಕೊಟ್ಟು ನನ್ನದನ್ನು ನೇರ ನಮ್ಮ ಹಸುವಿನ ಕೊರಳಿಗೇ ಕಟ್ಟಿದೆ. ಅಳತೆಯಲ್ಲಿ ಮುಳುಗಿದವನಿಗೆ ಗಂಟೆ ಇರುವುದು ಯಾತಕ್ಕೆ ಎಂಬುದೇ ಮರೆತಿತ್ತು.

ಮರುದಿನ ಬೆಳಿಗ್ಗೆ ಹಸು ಹೊರಡುವಾಗ ಅವ್ವ ಅದರ ಹೊಸ ದನಿಯನ್ನು ಕಿವಿಗೊಟ್ಟು ಗುರುತಿಟ್ಟುಕೊಂಡಳು. ಸಂಜೆ ಹಿಂಡು ಬಂತು. "ಬಿಚ್ಚೇ, ನಮ್ದು ಬಂತು" ಎಂದಳು ಅವ್ವ. ಹೆಂಡತಿ ಬಿಚ್ಚಿದಳು. ಕರು ಬೀದಿಗೆ ಹಾರಿ ಎದುರುಮನೆಯ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ, ಒದೆ ತಿಂದು ಅಂಬಾ ಎಂದಿತು. ಅದರ ಹಿಂದೆಯೇ ನಮ್ಮ ಹಸು ಬಂದಾಗ ಅವ್ವ, "ಇದು ಎದುರುಮನೇದು" ಎಂದಳು. ಎದುರುಮನೆಯಾಕೆ ತನ್ನ ಬಾಗಿಲಿಂದಲೇ, "ಏನ್ ಅತ್ತೆ, ಕಣ್ಣಾಯ್ತು, ಈಗ ಕಿವೀನೂ ಹೋಯ್ತಾ?" ಎಂದು ನಕ್ಕಳು. ಅವಳಲ್ಲಿ ಕೆಡುಕಿರಲಿಲ್ಲ, ತಮಾಷೆಗೆ ಅಂದದ್ದು. ಅವ್ವನೂ ನಕ್ಕಳು.

ಅದರ ಮರುದಿನವೂ ಹಾಗೇ ಆಯಿತು. ಆಮೇಲೆ ಅವ್ವ ಹೇಳುವುದನ್ನೇ ಬಿಟ್ಟಳು. ಜಗಲಿಯ ಮೇಲೆ ಕೂರುತ್ತಿದ್ದಳು, ಹಿಂಡು ಬರುತ್ತಿತ್ತು, ಹೋಗುತ್ತಿತ್ತು. ಮೂಲೆಮನೆಯದನ್ನೂ ಹೇಳುತ್ತಿರಲಿಲ್ಲ. ನಾನು ಜಂಬದಿಂದ, "ಗಂಟೆ ಹೆಂಗದೆ ಅವ್ವಾ?" ಎಂದು ಕೇಳಿದೆ. ನನ್ನ ಮೂರ್ಖತನಕ್ಕೆ ಬೇರೆ ಸಾಕ್ಷಿ ಬೇಕೆ? ಅವಳು ನನ್ನ ಕೈ ತಡಕಿ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ನನ್ ಕಿವಿ ಹೋಗ್ತಾ ಅದೆ ಸಾಮಿ. ಯಾರ್ಗೂ ಹೇಳ್ಬ್ಯಾಡ. ಕಣ್ ಹೋದಾಗ್ಲೂ ಹಿಂಗೇ ಶುರುವಾಗಿದ್ದು, ಒಂದ್ ಇನ್ನೊಂದ್ರಂಗೆ ಕಾಣ್ತಿತ್ತು."

ನನಗೆ ಆಗ ಹೊಳೆಯಿತು. "ಇಲ್ಲಾ ಅವ್ವಾ, ನಿನ್ ಕಿವಿ ಸರೀಗದೆ. ನಾನೇ ಅವ್ರ ಗಂಟೇನ ಹಂಗೇ ಅಚ್ಚು ಹೊಡ್ದಂಗೆ ಕೆತ್ತಿವ್ನಿ" ಎಂದೆ. ಅವಳು ನಂಬಲಿಲ್ಲ. ನಂಬದಿರಲು ಕಾರಣವಿತ್ತು. "ನಿನ್ ಕೈಲಿ ಅಷ್ಟು ಸರೀಗೆ ಯಾವುದಪ್ಪಾ ಬಂದದೆ? ಸುಮ್ಮಾ ಸಮಾಧಾನ ಹೇಳ್ಬ್ಯಾಡ" ಎಂದಳು. ನನ್ನ ಜೀವಮಾನದಲ್ಲಿ ಸರಿಯಾಗಿ ಬಂದದ್ದು ಅದೊಂದೇ ಕೆಲಸ. ಅದನ್ನು ನಾನು ಮಾಡಿದ್ದೆಂದು ಹೆತ್ತ ತಾಯಿಯೇ ಒಪ್ಪಲಿಲ್ಲ.

ಬೆಳಿಗ್ಗೆ ಗಂಟೆ ಬಿಚ್ಚಿ ತಂದು ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಕೂತೆ. ಉಳಿಯನ್ನು ಗಂಟೆಯ ಒಳಗಿಟ್ಟಾಗ ಕೈ ಹಿಂಜರಿಯಿತು. ಎಷ್ಟು ನಯವಾಗಿತ್ತು ಅದು! ಕೆರೆದೆ. ಅಲ್ಲಾಡಿಸಿದೆ. "ಹಂಗೇ ಅದೆ" ಎಂದಳು. ಮತ್ತೆ ಕೆರೆದೆ. "ಇನ್ನೂ ಕೊಂಜ, ಇನ್ನೊಂಚೂರು." ಅವಳು ಮುಖ ಓರೆ ಮಾಡಿ ಗಂಟೆಯ ಹತ್ತಿರಕ್ಕೆ ತಂದಳು. ನನ್ನ ಪಕ್ಕದಲ್ಲಿ ಕೂತು ಯಾರಾದರೂ ಹೀಗೆ ಮಾಡು ಹಾಗೆ ಮಾಡು ಎಂದಿದ್ದರೆ ಸಿಡಿದೇಳುತ್ತಿದ್ದೆ. ಅಂದು ಸಿಟ್ಟು ಬರಲೇ ಇಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಒಬ್ಬನೇ ಕೂತಾಗಲೂ ಮನಸ್ಸು ಅಷ್ಟು ತಣ್ಣಗಿದ್ದುದು ನೆನಪಿಲ್ಲ. ಹೀಗೇ ಕೆರೆಯುತ್ತಿರುವಾಗ ಉಳಿ ಜಾರಿ ಅಂಚಿನ ಒಂದು ಚೂರು ಹಾರಿಹೋಯಿತು. ನಾನು ಹಣೆ ಚಚ್ಚಿಕೊಂಡೆ. ಅವ್ವ ಗಂಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಅಲ್ಲಾಡಿಸಿದಳು. ಒಡಕಲು ಮಡಕೆ ತಟ್ಟಿದ ಸದ್ದು ಬಂತು. ಅವಳು ಮುರಿದ ಅಂಚನ್ನು ಬೆರಳಿನಿಂದ ಸವರಿ ಗಂಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಸು ಹಿಂಡಿಗೆ ಹೊರಡುವಾಗ ಅದನ್ನೇ ಮತ್ತೆ ಕೊರಳಿಗೆ ಕಟ್ಟಿದೆ.

ಸಂಜೆ ಹಿಂಡು ಬಂತು. ಎದುರುಮನೆಯ ಹಸು ಹಾದುಹೋಯಿತು. ಅವ್ವ ಸುಮ್ಮನಿದ್ದಳು. ನಮ್ಮ ಹಸು ಬಂದು ಬಾಗಿಲ ಮುಂದೆಯೇ ನಿಂತು ಕತ್ತು ಕೊಡವಿತು. ಒಳಗೆ ಕರು ಹಗ್ಗ ಹರಿದುಕೊಳ್ಳುವ ಹಾಗೆ ಜಗ್ಗುತ್ತಿತ್ತು. ಹಸುವನ್ನು ಕಣ್ಣಾರೆ ಕಾಣುತ್ತಿದ್ದರೂ ನನ್ನ ಹೆಂಡತಿ ಬಿಚ್ಚಲಿಲ್ಲ. ಗಂಟಿನ ಮೇಲೆ ಕೈಯಿಟ್ಟುಕೊಂಡು ಅತ್ತೆಯ ಮುಖವನ್ನೇ ನೋಡುತ್ತಾ ನಿಂತಿದ್ದಳು. ಎದುರುಮನೆಯಾಕೆಯೂ ತನ್ನ ಬಾಗಿಲಿಗೆ ಬಂದು ನೋಡುತ್ತಿದ್ದಳು. ಹಸು ಮತ್ತೊಮ್ಮೆ ಕತ್ತು ಕೊಡವಿತು.

"ಬಿಚ್ಚೇ" ಎಂದಳು ಅವ್ವ, "ಎಷ್ಟೊತ್ತು ನಿಲ್ಲಿಸ್ತೀಯಾ, ನಮ್ದು ಅದು."