ಲಕ್ಷ್ಮೀದೇವಮ್ಮನವರ ಮನೆಯ ಹಸಿರು ಚುಕ್ಕಿ

ಸಂಜೆ ಆರೂ ಮುಕ್ಕಾಲಿಗೆ ಲಕ್ಷ್ಮೀದೇವಮ್ಮನವರ ಮನೆಯ ಕರೆಂಟ್ ಬಳಕೆಯ ಗೆರೆ ನೆಲ ಕಚ್ಚಿತು. ಪರದೆಯಲ್ಲಿ ಅವರ ಹೆಸರಿನ ಪಕ್ಕದ ಕೆಂಪು ಚುಕ್ಕಿ ಹಸಿರಾಯಿತು. ಆ ಬೀದಿಯ ಎಲ್ಲ ಮನೆಗಳೂ ಒಟ್ಟಿಗೆ ಹಸಿರಾದದ್ದು ಅದೇ ಮೊದಲು. ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಕೂತಿದ್ದ ನಮ್ಮ ಮ್ಯಾನೇಜರ್ ಕೂಡ ಅದನ್ನು ನೋಡಿರಬೇಕು. ತುಸು ಹೊತ್ತಿನಲ್ಲೇ ಅವರಿಂದ ನನ್ನ ಮೊಬೈಲಿಗೆ ಚಪ್ಪಾಳೆಯ ಚಿತ್ರ ಬಂತು.

ಇದು ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ನಾನಾಗ ಶಿಡ್ಲಘಟ್ಟದಲ್ಲಿ ಫೀಲ್ಡ್ ಎಂಜಿನಿಯರ್. ಓದಿದ್ದು ಎಲೆಕ್ಟ್ರಿಕಲ್, ಊರು ಗದಗದ ಕಡೆ. ಮನೆಗಳ ವಿದ್ಯುತ್ ಬಳಕೆಯನ್ನು ಪೀಕ್ ಅವರ್‌ನಿಂದ ಆಚೆಗೆ ಸರಿಸುವ ಪ್ರಯೋಗವೊಂದನ್ನು ಖಾಸಗಿ ಸಂಸ್ಥೆಯೊಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಕೆಲವು ಬೀದಿಗಳಲ್ಲಿ ನಡೆಸುತ್ತಿತ್ತು. ಪೀಕ್ ಅವರ್ ಎಂದರೆ ಎಲ್ಲರೂ ಒಟ್ಟಿಗೆ ಸ್ವಿಚ್ ಒತ್ತುವ ಹೊತ್ತು. ಸಂಜೆ ದೀಪ, ಟಿವಿ, ಮಿಕ್ಸಿ, ನೀರಿನ ಮೋಟರ್ ಎಲ್ಲವೂ ಏಕಕಾಲಕ್ಕೆ ಶುರುವಾಗುತ್ತವೆ. ಅದೇ ಹೊತ್ತಿಗೆ ಬಿಸಿಲಿನಿಂದ ಬರುವ ಸೋಲಾರ್ ವಿದ್ಯುತ್ ನಿಂತುಹೋಗಿರುತ್ತದೆ. ಆದ್ದರಿಂದ ಮೋಟರ್, ವಾಷಿಂಗ್ ಮೆಷಿನ್, ಇಸ್ತ್ರಿ, ರುಬ್ಬುವ ಕೆಲಸವನ್ನೆಲ್ಲ ಮಧ್ಯಾಹ್ನವೇ ಮುಗಿಸಿ, ಸಂಜೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಬಳಕೆ ತಗ್ಗಿಸಿದ ಮನೆಗೆ ಪಾಯಿಂಟ್ ಸಿಗುತ್ತಿತ್ತು. ಪಾಯಿಂಟಿಗೆ ತಕ್ಕಷ್ಟು ಹಣ ತಿಂಗಳ ಬಿಲ್ಲಿನಲ್ಲಿ ಕಡಿತವಾಗುತ್ತಿತ್ತು. ಬೀದಿಗೆ ಬೀದಿಯೇ ತಗ್ಗಿಸಿದರೆ ಎಲ್ಲರಿಗೂ ಬೋನಸ್. ಸ್ಮಾರ್ಟ್ ಮೀಟರ್ ಕಾಲು ಗಂಟೆಗೊಮ್ಮೆ ಲೆಕ್ಕ ಕಳಿಸುತ್ತಿತ್ತು. ತಗ್ಗಿಸಿದ ಮನೆಗೆ ಹಸಿರು ಚುಕ್ಕಿ, ಉಳಿದವಕ್ಕೆ ಕೆಂಪು. ಈ ಚುಕ್ಕಿಗಳ ಚಿತ್ರ ದಿನಾ ಸಂಜೆ ಬೀದಿಯ ವಾಟ್ಸಾಪ್ ಗುಂಪಿಗೂ ಹೋಗುತ್ತಿತ್ತು.

ಯೋಜನೆಯಿಂದ ಯಾರೂ ಊಹಿಸದ ಒಂದು ಲಾಭವಾಗಿತ್ತು. ಟಿವಿ ಆರಿಸಿದ ಜನ ಮನೆಯಿಂದ ಹೊರಗೆ ಬಂದು ಜಗಲಿಯಲ್ಲಿ ಕೂರಲು ಶುರುಮಾಡಿದ್ದರು. ಹುಣಸೆಹಣ್ಣು ಬಿಡಿಸುತ್ತ, ರೇಷ್ಮೆಗೂಡಿನ ರೇಟು ಮಾತಾಡುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಮೂರು ಗಂಟೆ ಕಳೆಯುತ್ತಿದ್ದರು. ನಾನು ಮಾತ್ರ ಆ ಮೂರು ಗಂಟೆಯೂ ರೇಷ್ಮೆ ನೂಲಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಪರದೆಯ ಮುಂದೆ ಒಬ್ಬಳೇ ಇರಬೇಕಿತ್ತು. ಊರಿನ ಪ್ರತಿ ಮನೆ ಎಷ್ಟು ಹೊತ್ತಿಗೆ ಅನ್ನಕ್ಕಿಡುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ ಎಂದು ಗೆರೆ ನೋಡಿ ಹೇಳಬಲ್ಲವಳಾಗಿದ್ದೆ. ಊಟಕ್ಕೆ ಬಾ ಎಂದು ಕರೆಯುವವರು ಆ ಊರಲ್ಲಿ ಯಾರೂ ಇರಲಿಲ್ಲ.

ಲಕ್ಷ್ಮೀದೇವಮ್ಮನವರ ಗಂಡ ಮುನಿವೆಂಕಟಪ್ಪ ಮನೆಯ ಹಿತ್ತಿಲಲ್ಲೇ ಬಹುಕಾಲ ರೇಷ್ಮೆ ನೂಲು ತೆಗೆದವರು. ಗೂಡು ಬೇಯಿಸುವ ಬಿಸಿನೀರಿನ ಹಬೆ, ಸೌದೆಯ ಹೊಗೆ, ಹುಳದ ದೂಳು ಅವರ ಶ್ವಾಸಕೋಶವನ್ನು ತಿಂದುಹಾಕಿದ್ದವು. ಬೀದಿ ನಮ್ಮ ಯೋಜನೆಗೆ ಸೇರಿದ ಮೇಲೆ ಅವರ ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು ಆಮ್ಲಜನಕವನ್ನು ಬೇರ್ಪಡಿಸಿ ಮೂಗಿನ ನಳಿಕೆಗೆ ಕೊಡುವ ಯಂತ್ರ. ಸಿಲಿಂಡರಿನಂತೆ ತುಂಬಿಸುವ ರಗಳೆಯಿಲ್ಲ, ಆದರೆ ಕರೆಂಟ್ ಬೇಕೇ ಬೇಕು. ಹಗಲೂ ರಾತ್ರಿ ಗುಂಯ್ ಎನ್ನುತ್ತ ಓಡುತ್ತಲೇ ಇರಬೇಕು. ಹಾಗಾಗಿ ಆ ಮನೆಯ ಚುಕ್ಕಿ ಕೆಂಪಾಯಿತು.

ನಾನು ಅವರ ಮನೆಗೆ ಹೋಗಿ, ಮಿಷನ್ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಅದರ ಕರೆಂಟನ್ನು ಲೆಕ್ಕದಿಂದ ಬಿಡಿಸುತ್ತೇನೆ ಎಂದು ಹೇಳಿ ಬಂದಿದ್ದೆ. ಚಿಕ್ಕಬಳ್ಳಾಪುರಕ್ಕೂ ತಿಳಿಸಿದ್ದೆ. ಸಾಫ್ಟ್‌ವೇರ್ ಬದಲಾಗಬೇಕು, ಕಾಯಿರಿ ಎಂಬ ಉತ್ತರ ಬಂದಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಆ ಚುಕ್ಕಿ ತಮಾಷೆಯ ವಸ್ತುವಾಗಿತ್ತು. ಒಂದು ಸಂಜೆ ನಾನು ಅಲ್ಲಿಗೆ ಹೋಗಿದ್ದಾಗಲೇ ಪಕ್ಕದ ಮನೆಯಾಕೆ ಜಗಲಿಯಿಂದ ಕೂಗಿ ಹೇಳಿದ್ದರು.

"ಇರ್ಲಿ ಬಿಡು ಲಕ್ಷ್ಮೀದೇವಮ್ಮ. ಇಷ್ಟೊಂದು ಹಸಿರಾಗಿರೋ ಬೀದಿಗೆ ಒಂದು ದೃಷ್ಟಿಬೊಟ್ಟು ಬೇಡ್ವಾ?"

ಎಲ್ಲರೂ ನಕ್ಕರು. ಲಕ್ಷ್ಮೀದೇವಮ್ಮನೂ ನಕ್ಕರು. ಅದರಲ್ಲಿ ವಿಷವಿರಲಿಲ್ಲ. ಆದರೆ ಜಗಲಿಯ ಮಾತುಕತೆಗೆ ಅವರು ಎಂದೂ ಬರುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಒಳಗೆ ಮಿಷನ್ನಿನ ಪಕ್ಕ ಕೂತು, ಹೊರಗಿನ ನಗು ಕೇಳಿಸಿಕೊಳ್ಳುತ್ತಿದ್ದರು.

ಚುಕ್ಕಿ ಹಸಿರಾದ ಆ ಸಂಜೆ, ಗೆರೆ ಕೆಳಗಿಳಿದ ಕೂಡಲೇ ಅವರಿಗೆ ಫೋನ್ ಮಾಡಿದೆ. ಮಿಷನ್ ಹೇಗಿದೆ ಎಂದು ಕೇಳಿದೆ.

"ದೊಡ್ಡದು ಮಾಡಿದೀನಮ್ಮ. ಈಗಿನ್ನೂ ದೊಡ್ಡದು ಮಾಡ್ದೆ."

ಯಜಮಾನರು ಹೇಗಿದ್ದಾರೆ ಎಂದೆ. "ನೆಮ್ದಿಯಾಗಿ ನಿದ್ದೆ ಹೋಗವ್ರೆ," ಎಂದರು. ದನಿಯಲ್ಲಿ ಗೆಲುವಿತ್ತು. ಹಿಂದೆ ಯಾರೋ ಅವರನ್ನು ಹೊರಗೆ ಬಾ ಎಂದು ಕರೆಯುತ್ತಿದ್ದರು.

ಆ ಯಂತ್ರದಲ್ಲಿ ಆಮ್ಲಜನಕದ ಹರಿವನ್ನು ಹೆಚ್ಚು ಕಡಿಮೆ ಮಾಡುವ ಗುಬುಟು ಇರುತ್ತದೆ. ದೊಡ್ಡದು ಮಾಡಿದೆ ಎಂದರೆ ಹರಿವು ಹೆಚ್ಚಿಸಿದರು ಎಂದೇ ನನಗೆ ಕೇಳಿಸಿತು. ಬೇರೆ ಹೇಗೂ ಕೇಳಿಸುವುದು ಸಾಧ್ಯವಿರಲಿಲ್ಲ. ಆದರೆ ಪರದೆಯ ಗೆರೆ ಆ ಮಾತಿಗೆ ಹೊಂದುತ್ತಿರಲಿಲ್ಲ. ಹರಿವು ಎಷ್ಟಿದ್ದರೂ ಒಳಗಿನ ಕಂಪ್ರೆಸರ್ ಕರೆಂಟ್ ಎಳೆಯುತ್ತಲೇ ಇರುತ್ತದೆ, ಗೆರೆ ನೆಲಕ್ಕೆ ತಾಗುವಂತಿಲ್ಲ. ಮೀಟರ್ ಕೆಟ್ಟಿರಬಹುದು ಎಂದುಕೊಂಡೆ. ಅದೇ ಬೀದಿಯಲ್ಲಿರುವ ಇಮ್ತಿಯಾಜ್ ಅವರಿಗೆ ಫೋನ್ ಮಾಡಿದೆ. ಅವರು ಗೂಡು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಿದ್ದವರು, ಮೀಟರಿನ ಸಣ್ಣಪುಟ್ಟ ತೊಂದರೆಗೆಲ್ಲ ನನಗೆ ನೆರವಾಗುತ್ತಿದ್ದರು. ಲಕ್ಷ್ಮೀದೇವಮ್ಮನವರ ಮೀಟರ್ ಒಮ್ಮೆ ನೋಡ್ತೀರಾ, ಮಿಷನ್ ದೊಡ್ಡದು ಮಾಡಿದೀನಿ ಅಂತಾರೆ, ಇಲ್ಲಿ ಮಾತ್ರ ಸೊನ್ನೆ ತೋರಿಸ್ತಿದೆ ಎಂದೆ.

ಆ ಕಡೆ ಆಟೋದ ಸದ್ದು ನಿಂತಿತು.

"ಮೇಡಂ, ದೊಡ್ಡದು ಮಾಡೋದು ಅಂದ್ರೆ ಆರ್ಸೋದು. ದೀಪ ಆರ್ಸಿದೆ ಅನ್ನಬಾರದು ಅಂತ ದೊಡ್ಡದು ಮಾಡ್ದೆ ಅಂತಾರೆ. ನಮ್ ಮನೇಲೂ ಅಷ್ಟೇ, ಚಿರಾಗ್ ಬಢಾನಾ ಅಂತೀವಿ. ನಾನು ಮಾರ್ಕೆಟ್ ಹತ್ರ ಇದೀನಿ. ನೀವು ಓಡಿ, ನಾ ಬಂದೆ."

ನಮ್ಮ ಮನೆಯಲ್ಲಿ ದೀಪವನ್ನು ಶಾಂತ ಮಾಡುತ್ತಿದ್ದರು. ಇಲ್ಲಿ ದೊಡ್ಡದು ಮಾಡುತ್ತಿದ್ದರು. ಅಷ್ಟೇ ವ್ಯತ್ಯಾಸ.

ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಓಡಿದೆ. ಆ ಓಟವನ್ನು ಇವತ್ತಿಗೂ ಮನಸ್ಸು ಬಿಟ್ಟು ಬಿಟ್ಟು ಓಡುತ್ತದೆ. ಹೂವಿನ ಅಂಗಡಿ, ಮಸೀದಿಯ ತಿರುವು, ಚರಂಡಿಯ ಕಲ್ಲು, ಆಮೇಲೆ ಬೀದಿ. ಬೀದಿಯಲ್ಲಿ ಒಂದು ಮನೆಯಲ್ಲೂ ಬೆಳಕಿರಲಿಲ್ಲ. ಹಬ್ಬದಂತೆ ಎಲ್ಲರೂ ಹೊರಗಿದ್ದರು. ಅವರ ನಡುವೆ, ಕಾಲು ಚಾಚಿ, ತಲೆಗೆ ಹೂವಿಟ್ಟುಕೊಂಡು ಲಕ್ಷ್ಮೀದೇವಮ್ಮ ಕೂತಿದ್ದರು. ನನ್ನನ್ನು ಕಂಡು, "ಬಾಮ್ಮ, ನಮ್ದೂ ಹಸಿರಾಯ್ತಂತಲ್ಲ," ಎಂದರು. ನಾನು ನಿಲ್ಲದೆ ಒಳಗೆ ನುಗ್ಗಿದೆ.

ಸದ್ದೇ ಇರಲಿಲ್ಲ. ಆ ಮನೆಗೆ ಎಷ್ಟೋ ಸಲ ಹೋಗಿದ್ದೆ, ಗುಂಯ್ ಎನ್ನುವ ಸದ್ದಿಲ್ಲದೆ ಅದನ್ನು ಕಂಡಿರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಮುನಿವೆಂಕಟಪ್ಪ ಒಂದು ಪಕ್ಕಕ್ಕೆ ವಾಲಿದ್ದರು. ನಳಿಕೆ ಮೂಗಿನಲ್ಲೇ ಇತ್ತು. ತುಟಿ ನೇರಳೆಹಣ್ಣು ತಿಂದವರ ತುಟಿಯಂತಿತ್ತು. ರಕ್ತದಲ್ಲಿ ಆಮ್ಲಜನಕ ಇಳಿದಾಗ ಎಲ್ಲ ರೋಗಿಗಳೂ ಒದ್ದಾಡುವುದಿಲ್ಲ, ಕೆಲವರು ಮಂಪರಿಗೆ ಜಾರುತ್ತಾರೆ ಎಂದು ಆಮೇಲೆ ವೈದ್ಯರು ಹೇಳಿದರು. ಹೆಂಡತಿ ನೆಮ್ಮದಿಯ ನಿದ್ದೆ ಎಂದುಕೊಂಡದ್ದು ಅದನ್ನೇ.

ಸ್ವಿಚ್ ಹಾಕಿದೆ. ಮಿಷನ್ ಒಮ್ಮೆ ಚೀರಿ ಓಡತೊಡಗಿತು. ಅದು ಶುದ್ಧ ಆಮ್ಲಜನಕ ಕೊಡಲು ಕೆಲವು ನಿಮಿಷ ಹಿಡಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ನಿಮಿಷಗಳಲ್ಲಿ ನಾನು ಅವರ ಭುಜ ಹಿಡಿದು ಕೂರಿಸಿಕೊಂಡು ಹೆಸರು ಕರೆಯುತ್ತಿದ್ದೆ. ಲಕ್ಷ್ಮೀದೇವಮ್ಮ ಬಾಗಿಲಲ್ಲಿ ನಿಂತಿದ್ದವರು ಒಮ್ಮೆಲೇ ಕುಸಿದು, ತಮ್ಮ ಮನೆಮಾತಾದ ತೆಲುಗಿನಲ್ಲಿ ಗಂಡನ ಕಾಲು ಅಲುಗಿಸುತ್ತ "ಲೆಯ್ಯಿ, ಲೆಯ್ಯಿ" ಎನ್ನತೊಡಗಿದರು. ಏಳು, ಏಳು. ಹೊರಗೆ ಒಬ್ಬೊಬ್ಬರೇ ಮನೆಯ ಲೈಟು ಹಾಕಿದರು. ಬೀದಿಯೆಲ್ಲ ಬೆಳಗಿತು.

ಇಮ್ತಿಯಾಜ್ ಬಂದರು. ಗೂಡಿನ ವಾಸನೆ ತುಂಬಿದ ಆ ಆಟೋದ ಹಿಂಭಾಗದಲ್ಲಿ ಗೋಣಿಚೀಲ ಹಾಸಿ ಮುನಿವೆಂಕಟಪ್ಪನವರನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಅಲ್ಲಿ ಆಮ್ಲಜನಕ ಕೊಟ್ಟು ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ದಾರಿಯಲ್ಲಿ ಲಕ್ಷ್ಮೀದೇವಮ್ಮ ನನ್ನ ಕೈ ಹಿಡಿದು ಒಂದೇ ಒಂದು ಸಲ ಮಾತಾಡಿದರು.

"ಮೂರು ಗಂಟೆ ತಾನೆ, ನಂಗೇನೂ ಆಗಲ್ಲ, ನೀನೂ ಹೋಗಿ ಎಲ್ಲರ ಜೊತೆ ಕೂತ್ಕೊ ಅಂತ ಅವರೇ ಅಂದ್ರು ಕಣಮ್ಮ. ಹಸಿರು ದೀಪ ಉರಿಯೋ ಮಿಷನ್ನು. ಹೊತ್ತು ಮುಳುಗೋ ಹೊತ್ತಲ್ಲಿ, ಗಂಡನ ತಲೆದೆಸೇಲಿರೋ ದೀಪಾನ ಆರ್ಸಿದೆ ಅಂತ ನನ್ ಬಾಯಲ್ಲಿ ಹೆಂಗೆ ಹೇಳ್ಲಿ?"

ಒಂಬತ್ತೂವರೆಗೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ಅವರ ಫೋನ್ ಸದ್ದು ಮಾಡಿತು. ಅಭಿನಂದನೆಗಳು, ಇಂದು ನಿಮ್ಮ ಮನೆ ಪಾಯಿಂಟ್ ಗಳಿಸಿದೆ ಎಂಬ ಮೆಸೇಜು. ಅದು ಕಂಪ್ಯೂಟರ್ ತಾನಾಗಿ ಕಳಿಸುವಂಥದ್ದು, ಮಿಷನ್ ನಿಲ್ಲಿಸಿ ಬಂದ ಖಾಲಿ ಮನೆಯೂ ಅದಕ್ಕೆ ಉಳಿತಾಯವೇ. ಏನಂತೆ ಎಂದು ಅವರು ಕೇಳಿದರು. ಕಂಪನಿಯ ಮೆಸೇಜು ಎಂದು ಹೇಳಿ ಫೋನ್ ತಿರುಗಿಸಿ ಇಟ್ಟೆ.

ಮುನಿವೆಂಕಟಪ್ಪ ಉಳಿದರು. ಮೂರನೆಯ ದಿನ ಕಣ್ಣು ಬಿಟ್ಟು ಕಾಫಿ ಕೇಳಿದರು. ಚಿಕ್ಕಬಳ್ಳಾಪುರದ ಕಚೇರಿ ನಾನು ಬೇಡಿದ್ದನ್ನೆಲ್ಲ ಒಂದೇ ವಾರದಲ್ಲಿ ಮಾಡಿಕೊಟ್ಟಿತು. ಉಸಿರಾಟದ ಯಂತ್ರವಿರುವ ಮನೆಗಳನ್ನು ಪೂರ್ತಿ ಹೊರಗಿಟ್ಟರು. ವಾಟ್ಸಾಪ್ ಗುಂಪಿಗೆ ಚುಕ್ಕಿ ಕಳಿಸುವುದು ನಿಂತಿತು. ಬೀದಿಯವರು ಯಾರೂ ಹೇಳದೆಯೇ ಜಗಲಿಯ ಕೂಟವನ್ನು ಲಕ್ಷ್ಮೀದೇವಮ್ಮನವರ ಬಾಗಿಲಿಗೆ ಬದಲಾಯಿಸಿಕೊಂಡರು. ದೃಷ್ಟಿಬೊಟ್ಟು ಎಂದು ರೇಗಿಸಿದ್ದಾಕೆ ತಿಂಗಳುಗಟ್ಟಲೆ ಅವರಿಗೆ ಸಾರು ತಂದುಕೊಟ್ಟರು.

ನನ್ನ ನಿದ್ದೆ ಮಾತ್ರ ಹಾರಿಹೋಯಿತು. ಬಾಡಿಗೆ ಕೋಣೆಯಲ್ಲಿ ಫ್ಯಾನ್ ನಿಂತರೆ ಎದ್ದು ಕೂರುತ್ತಿದ್ದೆ, ಓಡುತ್ತಿದ್ದರೆ ಯಾವಾಗ ನಿಲ್ಲುತ್ತದೋ ಎಂದು ಕಾಯುತ್ತಿದ್ದೆ. ಊರಿಗೆ ಫೋನ್ ಮಾಡಿದರೆ ಅವ್ವನಿಗೆ ಹೇಳಲು ಮಾತು ಹೊಂದುತ್ತಿರಲಿಲ್ಲ. ಅವರು ಬದುಕಿದ್ದಾರಲ್ಲ, ಇನ್ನೇನು ಎಂದು ಆಕೆ ಕೇಳುತ್ತಿದ್ದಳು. ಕತ್ತಲಲ್ಲಿ ಕೇಳಿಸುತ್ತಿದ್ದದ್ದು ಆ ಮನೆಯೊಳಗಿನ ನಿಶ್ಶಬ್ದ ಒಂದೇ.

ಕೆಲಸ ಕಲಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ, ಈಗ ಹೊಸದಾಗಿ ಸೇರುವವರಿಗೂ ಇದನ್ನೇ ಹೇಳುತ್ತೇನೆ. ಕಡಿಮೆಯಾದದ್ದೆಲ್ಲ ಉಳಿತಾಯವಲ್ಲ. ಗೆರೆ ಇದ್ದಕ್ಕಿದ್ದಂತೆ ಇಳಿದರೆ ಫೋನ್ ಮಾಡಿ. ಏನು ಮಾಡಿದಿರಿ ಎಂದು ಕೇಳಬೇಡಿ, ಅದಕ್ಕೆ ಪ್ರತಿ ಊರಿಗೂ ಅದರದೇ ಮಾತಿದೆ. ಈಗ ಮನೆಯಲ್ಲಿ ಏನು ಸದ್ದು ಕೇಳಿಸುತ್ತಿದೆ ಎಂದು ಕೇಳಿ.

ಆ ವರ್ಷದ ಚಳಿಗಾಲದಲ್ಲಿ ಲಕ್ಷ್ಮೀದೇವಮ್ಮ ಮಗಳ ಮಗುವಿನ ನಾಮಕರಣಕ್ಕೆ ಗೌರಿಬಿದನೂರಿಗೆ ಹೋಗಬೇಕಾಯಿತು. ಒಂದು ರಾತ್ರಿ ಅಲ್ಲೇ ಉಳಿಯಬೇಕು. ಅವರು ಯಾರನ್ನೂ ಕೇಳದೆ ನೇರ ನನ್ನ ಕೋಣೆಗೆ ಬಂದು, "ಅವರ ಹತ್ರ ನೀನೇ ಇರ್ಬೇಕು ಕಣಮ್ಮ," ಎಂದರು. ಆ ರಾತ್ರಿ ಅವರ ಮನೆಗೆ ಹೋದೆ. ಮಿಷನ್ ನೋಡಿಕೊಳ್ಳಲು ಗಂಟೆಗೊಂದು ಅಲಾರಂ ಇಟ್ಟುಕೊಂಡು, ಮುನಿವೆಂಕಟಪ್ಪನವರ ಮಂಚದ ಪಕ್ಕ ಚಾಪೆ ಹಾಸಿದೆ. ಗುಂಯ್ ಎನ್ನುವ ಸದ್ದು ನೆಲದ ಮೂಲಕ ಬೆನ್ನಿಗೆ ತಾಗುತ್ತಿತ್ತು.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಮುಖದ ಮೇಲಿತ್ತು. ಗಾಬರಿಯಿಂದ ಎದ್ದು ಕೂತೆ. ಮಿಷನ್ ಓಡುತ್ತಿತ್ತು. ಮುನಿವೆಂಕಟಪ್ಪ ಗೋಡೆಗೆ ಒರಗಿ ಕೂತು, ನನ್ನ ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಗಂಟೆಗೊಂದ್ಸಲ ಬಡ್ಕೊಳ್ತಿತ್ತು. ನಾನೇ ಸುಮ್ಮನಾಗಿಸ್ದೆ," ಎಂದರು. ಉಸಿರು ತೆಗೆದುಕೊಳ್ಳಲು ಸ್ವಲ್ಪ ತಡೆದರು. "ನನ್ನ ಕಾಯೋಕೆ ಬಂದೋಳ್ನ ರಾತ್ರಿಯೆಲ್ಲ ನಾನೇ ಕಾದಂಗಾಯ್ತು. ಹೋಗು, ಮುಖ ತೊಳ್ಕೊ."